ಬಾಣಂತಿ ಕೋಣೆ

ಬಸವನಗುಡಿಯಲ್ಲಿ ಸಮುದ್ರ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಆಟೋ ಮೂರ್ತಿ ಸೀದಾ ಕರೆದುಕೊಂಡು ಹೋಗಿ ತೋರಿಸಿಬಿಡುತ್ತಿದ್ದ. ಗಾಂಧಿ ಬಜಾರಿನ ಹೂವಿನ ಅಂಗಡಿಗಳನ್ನು ದಾಟಿ ಒಳಗಿನ ಅಡ್ಡರಸ್ತೆಗೆ ತಿರುಗಿದರೆ ಹೆಂಚಿನ ಮಾಡಿನ ಒಂದು ಹಳೇ ಮನೆ. ಅದರ ಅಡುಗೆಮನೆಗೆ ಅಂಟಿಕೊಂಡ ಕೋಣೆಯಲ್ಲಿ ಸಮುದ್ರ. ಹದಿನೈದು ದಿನಕ್ಕೊಮ್ಮೆ ಕಾರವಾರದ ಬಸ್ಸು ಮೆಜೆಸ್ಟಿಕ್ಕಿಗೆ ಬಂದಾಗ ನೀರಿನ ಕ್ಯಾನುಗಳನ್ನು ಇಳಿಸಿಕೊಂಡು, ಮಗುವನ್ನು ಆಸ್ಪತ್ರೆಯಿಂದ ಮನೆಗೆ ತರುವ ಹಾಗೆ ಹಳ್ಳದಿಣ್ಣೆ ತಪ್ಪಿಸಿ ತರುವವನು ಅವನೇ. ಪಕ್ಕದ ಮನೆಯವರು ಮೂಗು ಮುಚ್ಚಿಕೊಂಡು, "ಏನ್ ಮೂರ್ತಿ, ಒಳಗೆ ಮೀನಾ?" ಎಂದರೆ, "ಮೀನಲ್ಲ ಸಾರ್, ಮೀನಿನ ಊಟ" ಅನ್ನುತ್ತಿದ್ದ.

ಅವನು ಹೇಳಿದ್ದು ಸುಳ್ಳಲ್ಲ. ಕ್ಯಾನಿನಲ್ಲಿ ಇದ್ದದ್ದು ರವೆಯ ಕಾಳಿನಷ್ಟೇ ಇರುವ, ಕಡಲ ನೀರಿನಲ್ಲಿ ತೇಲಿಕೊಂಡು ಬದುಕುವ ಪುಟ್ಟ ಜೀವಗಳು. ಪುಸ್ತಕದಲ್ಲಿ ಪ್ಲಾಂಕ್ಟನ್ ಅನ್ನುತ್ತಾರೆ. ಸಣ್ಣ ಮೀನು ಇವನ್ನು ತಿನ್ನುತ್ತದೆ, ದೊಡ್ಡ ಮೀನು ಸಣ್ಣದನ್ನು, ಕೊನೆಗೆ ನಾವು. ಇವುಗಳಲ್ಲಿ ಹೆಣ್ಣನ್ನು ಆರಿಸಿ, ಒಂದೊಂದು ಕಪ್ಪಿನಲ್ಲಿ ಒಂದೊಂದನ್ನು ಒಂಟಿಯಾಗಿ ಒಂದು ಹಗಲು ಒಂದು ರಾತ್ರಿ ಬಿಟ್ಟು, ಎಷ್ಟು ಮೊಟ್ಟೆ ಇಟ್ಟಿತು, ಅದರಲ್ಲಿ ಎಷ್ಟು ಒಡೆದು ಮರಿಯಾಯಿತು ಎಂದು ನೋಡುವುದು ಆ ಮನೆಯ ಕೆಲಸ. ಒಂದು ಸಲ ನೋಡಿದರೆ ಏನೂ ತಿಳಿಯುವುದಿಲ್ಲ. ಅದೇ ಜಾಗದ ನೀರನ್ನು ಅದೇ ರೀತಿಯಲ್ಲಿ ವರ್ಷಗಟ್ಟಲೆ ನೋಡುತ್ತಾ ಬಂದರೆ, ಕಡಲು ಚೆನ್ನಾಗಿದೆಯೋ ಒಳಗೊಳಗೇ ಸೊರಗುತ್ತಿದೆಯೋ ಎಂಬುದು ಮೆಲ್ಲಗೆ ಬಾಯಿಬಿಡುತ್ತದೆ.

ಹಾಗೆ ನೋಡಲು ಶುರುಮಾಡಿದವರು ಮಾಧವಿ ಮೇಡಂ. ಆಗ ಅವರದು ಉದ್ದ ಜಡೆ. ಈಗ ಬೆಳ್ಳಗಿನ ಬಾಬ್ ಕಟ್. ಮದುವೆಯಾಗಲಿಲ್ಲ, ವಿದೇಶಕ್ಕೆ ಹೋಗಲಿಲ್ಲ. ನಡುಮನೆಯ ಗೋಡೆಯ ಮೇಲೆ ಅವರು ಬರೆಯತೊಡಗಿದ ಗ್ರಾಫು ಹಾಳೆಗೆ ಹಾಳೆ ಅಂಟಿಕೊಂಡು ನಡುಮನೆ ಸುತ್ತಿ, ಓಣಿ ದಾಟಿ, ಈಗ ಅಡುಗೆಮನೆಯ ಸಿಂಕಿನ ಮೇಲೆ ಬಂದು ನಿಂತಿತ್ತು. ಬಂದವರಿಗೆ ಅದನ್ನು ತೋರಿಸುವಾಗ ಅವರು ಗೋಡೆಗೆ ಕೈ ಸವರಿಕೊಂಡೇ ನಡೆಯುತ್ತಿದ್ದರು.

ಕಪ್ಪುಗಳಿರುವ ಕೋಣೆಗೆ ಬಾಣಂತಿ ಕೋಣೆ ಎಂದು ಹೆಸರಿಟ್ಟವಳು ಸಿದ್ದಮ್ಮ. ಗಾಜಿನ ಸಾಮಾನು ತೊಳೆಯಲು ಮಾವಳ್ಳಿಯಿಂದ ನಡೆದು ಬರುತ್ತಿದ್ದವಳು. "ಬೆಳಕು ಕೂಡದು, ಸದ್ದು ಕೂಡದು, ಗಾಳಿ ಕೂಡದು. ಇದು ಬಾಣಂತಿ ಕೋಣೆ ಅಲ್ದೆ ಇನ್ನೇನು ಅಮ್ಮಾವ್ರೇ? ನಾನು ಮೂರು ಹೆತ್ತೆ, ನನಗೇ ಇಷ್ಟು ಆರೈಕೆ ಸಿಗ್ಲಿಲ್ಲ" ಅಂದಿದ್ದಳು. ಹೆಸರು ನಿಂತುಬಿಟ್ಟಿತು. ಈ ಕೆಲಸಕ್ಕೆ ದುಡ್ಡು ಕೊಡುವ ಟ್ರಸ್ಟಿನ ಕಾರ್ಯದರ್ಶಿ ನಾರಾಯಣಪ್ಪನವರೂ ಫೋನಿನಲ್ಲಿ, "ಏನಮ್ಮಾ, ಬಾಣಂತಿಯರು ಹೇಗಿದಾರೆ?" ಎಂದೇ ಕೇಳುತ್ತಿದ್ದರು.

ಈ ಬಾಣಂತಿಯರದು ಒಂದೇ ಒಂದು ಕೆಟ್ಟ ಗುಣ. ಹಡೆದ ಮೊಟ್ಟೆ ಕೈಗೆ ಸಿಕ್ಕರೆ ತಿಂದುಬಿಡುತ್ತವೆ. ಅದರಲ್ಲಿ ದ್ವೇಷವಿಲ್ಲ, ಹತ್ತಿರದಲ್ಲಿ ದುಂಡಗೆ ಏನೋ ತೇಲಿತು, ತಿಂದಿತು, ಅಷ್ಟೇ. ಅದಕ್ಕೇ ಕಪ್ಪಿನ ತಳವನ್ನು ಕತ್ತರಿಸಿ ಅಲ್ಲಿಗೆ ಜಾಲರಿಯ ಬಟ್ಟೆ ಅಂಟಿಸಿ, ಆ ಕಪ್ಪನ್ನು ಇನ್ನೊಂದು ಗಾಜಿನ ಲೋಟದೊಳಗೆ ಕೂರಿಸುತ್ತಿದ್ದರು. ಮೊಟ್ಟೆ ಬಟ್ಟೆಯ ಕಣ್ಣಿನಿಂದ ಕೆಳಕ್ಕೆ ಜಾರಿ ಬೀಳುತ್ತದೆ, ತಾಯಿ ಮೇಲೇ ಉಳಿಯುತ್ತದೆ. ಬಟ್ಟೆ ಅಂಟಿಸುವ ಕೆಲಸವನ್ನು ಮಾಧವಿ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಪ್ರತಿ ಸಲಕ್ಕೂ ಹೊಸ ಬಟ್ಟೆ. ಬೀರುವಿನಲ್ಲಿ ಎರಡು ಸುರುಳಿ ಇರುತ್ತಿದ್ದವು. ಒಂದು ಕಪ್ಪಿಗೆ. ಇನ್ನೊಂದು ಬಹಳ ಸಣ್ಣ ಕಣ್ಣಿನದು, ನೀರು ಸೋಸುವುದಕ್ಕೆ. ಬರಿಗಣ್ಣಿಗೆ ಎರಡೂ ಒಂದೇ ಬಿಳಿ.

ಸಿದ್ದಮ್ಮನಿಗೂ ಒಂದು ಕಟ್ಟುನಿಟ್ಟಿತ್ತು. ಈ ಮನೆಯ ಸಿಂಕಿಗೆ ಸೋಪು ಬರಕೂಡದು. ಬಿಸಿನೀರು, ಆಮೇಲೆ ಉಪ್ಪುನೀರು, ಅಷ್ಟೇ. ಸೋಪಿನ ಒಂದು ಹನಿ ಉಳಿದರೂ ಮೊಟ್ಟೆ ಕೆಡುತ್ತದೆ. ಅವಳು ಕೆಲಸಕ್ಕೆ ಬರುವ ದಿನ ಮೈಗೂ ಸೋಪು ಹಾಕದೆ ಕಡಲೆಹಿಟ್ಟು ಉಜ್ಜಿಕೊಂಡು ಬರುತ್ತಿದ್ದಳು. "ಹೊಸ ಮದುಮಗಳ ಥರ ಹೊಳೀತೀಯ ಕಣೇ" ಎಂದು ಮಾಧವಿ ನಗುತ್ತಿದ್ದರು. ಸಿದ್ದಮ್ಮ ಅವರಿಗಿಂತ ಎಂಟು ವರ್ಷ ದೊಡ್ಡವಳು. ಆದರೂ ಹೋಗೇ ಬಾರೇ.

ಸಿದ್ದಮ್ಮನ ಕಿರಿಯ ಮಗಳು ಯಶೋಧರಾ. ಆ ಅಡುಗೆಮನೆಯ ಮೂಲೆಯಲ್ಲಿ ಕೂತು ಹೋಂವರ್ಕ್ ಮಾಡುತ್ತಿದ್ದ ಹುಡುಗಿ. ಮೈಕ್ರೋಸ್ಕೋಪಿಗೆ ಕಣ್ಣಿಡಲು ಸ್ಟೂಲಿನ ಮೇಲೆ ನಿಲ್ಲಿಸಿದವರೂ, ಕಾಲೇಜಿಗೆ ಸೇರಿಸಿದವರೂ, ಪಿಎಚ್‌ಡಿವರೆಗೆ ಕೈಹಿಡಿದು ನಡೆಸಿದವರೂ ಮಾಧವಿ ಮೇಡಂ. ಇದರಲ್ಲಿ ಒಂದಿಷ್ಟೂ ಸುಳ್ಳಿಲ್ಲ. "ನನ್ನ ಮಗಳ ಹಾಗೆ" ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. ಹೇಳುವಾಗ ಸಿದ್ದಮ್ಮ ಅಲ್ಲೇ ಲೋಟ ಒರೆಸುತ್ತಿದ್ದರೆ ಇನ್ನೂ ಚೆನ್ನಾಗಿ ಹೇಳುತ್ತಿದ್ದರು.

ಆಗಸ್ಟಿನ ಒಂದು ಸಂಜೆ ನಾರಾಯಣಪ್ಪನವರು ಕೇಸರಿಬಾತು ಕಟ್ಟಿಸಿಕೊಂಡು ಬಂದರು. ನಡುಮನೆಯಲ್ಲಿ ಎಲ್ಲರನ್ನೂ ಸೇರಿಸಿ, ಮಳೆಗಾಲ ಮುಗಿದ ಮೇಲೆ ಇಡೀ ಕೆಲಸದ ಹೊಣೆ ಯಶೋಧರಾಗೆ, ಆಮೇಲೆ ಮೇಡಂ ಸಲಹೆಗಾರರಾಗಿ ಇರುತ್ತಾರೆ, ಅಲ್ಲಿಯವರೆಗೆ ಎಣಿಕೆಯನ್ನು ಅವಳೇ ಮಾಡಿ ಕೈ ಪಳಗಿಸಿಕೊಳ್ಳಲಿ ಎಂದರು. "ನೀವೇ ಬೆಳೆಸಿದ ಗಿಡ ಅಲ್ವೇನಮ್ಮ? ನೆರಳಲ್ಲಿ ಕೂತ್ಕೊಳ್ಳಿ ಇನ್ನು."

ಮಾಧವಿ ನಕ್ಕರು. ಚಪ್ಪಾಳೆಯನ್ನೂ ತಟ್ಟಿದರು. ಇದು ಬರುತ್ತದೆಂದು ಅವರಿಗೆ ಗೊತ್ತಿತ್ತು, ಒಪ್ಪಿಕೊಂಡೂ ಇದ್ದರು. ಆದರೆ ಕೇಸರಿಬಾತಿನ ತಟ್ಟೆ ಕೈಗೆ ಬಂದ ಮೇಲೆ ಸಿದ್ದಮ್ಮ ಅತ್ತಿತ್ತ ನೋಡಿದಳು, ಪಕ್ಕದಲ್ಲಿದ್ದ ಬೆತ್ತದ ಕುರ್ಚಿ ಎಳೆದುಕೊಂಡಳು, ಕೂತಳು. ಇಷ್ಟು ವರ್ಷದಲ್ಲಿ ಮೊದಲ ಸಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಂದೊಂದೇ ಗೋಡಂಬಿ ಆರಿಸಿ ತಿಂದಳು. ಅದನ್ನು ನೋಡಿ ಮಾಧವಿ ತಮ್ಮ ತಟ್ಟೆಯನ್ನು ತಿನ್ನದೆ ಕೆಳಗಿಟ್ಟರು.

"ಕೂತ್ಕೋ ಕೂತ್ಕೋ ಸಿದ್ದಮ್ಮ" ಅಂದರು, ಅವಳು ಕೂತಾದ ಮೇಲೆ.

ಮುಂದಿನ ನೀರು ಬರುವ ಹಿಂದಿನ ಮಧ್ಯಾಹ್ನ ಅವರು ಬೀರು ತೆಗೆದು, ಎಂದಿನಂತೆ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಕಪ್ಪುಗಳಿಗೆ ಬಟ್ಟೆ ಅಂಟಿಸಿದರು. ಸಣ್ಣ ಕಣ್ಣಿನ ಬಟ್ಟೆ.  ಹುಡುಗಿ ಒಂದೆರಡು ಸಲ ಎಡವಲಿ. ಮೇಡಂ ಇನ್ನೊಂದೆರಡು ವರ್ಷ ಇರಲಿ ಎಂದು ನಾರಾಯಣಪ್ಪನವರಾಗಿಯೇ ಬಂದು ಕೇಳಲಿ. ಅಷ್ಟೇ ಬೇಕಾಗಿದ್ದದ್ದು. ಯಾರಾದರೂ ಪತ್ತೆ ಹಚ್ಚಿದರೆ ಹೇಳುವುದಕ್ಕೆ ಮಾತೂ ತಯಾರಿತ್ತು: ಅಯ್ಯೋ, ಸುರುಳಿ ಅದಲುಬದಲಾಯಿತೇನೋ, ನನ್ನ ಕಣ್ಣು ಹಾಳಾಗಿದೆ.

ಬಾಣಂತಿಯರು ಹಡೆದರು. ಮೊಟ್ಟೆ ಕೆಳಕ್ಕೆ ಜಾರಲಿಲ್ಲ. ಕತ್ತಲ ಕೋಣೆಯಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಮೊಟ್ಟೆಗಳ ಜೊತೆ ಉಳಿದರು.

ಮರುದಿನ ಯಶೋಧರಾ ಲೋಟಗಳನ್ನು ಮೈಕ್ರೋಸ್ಕೋಪಿನ ಕೆಳಗೆ ಒಂದೊಂದಾಗಿ ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ಒಳಗೆ ಅಲ್ಲೊಂದು ಇಲ್ಲೊಂದು ಒಡೆದ ಚೂರು, ಅಷ್ಟೇ. ಸಂಜೆಗೆ ಬಂದು, "ಮೇಡಂ, ಏನೋ ಆಗಿದೆ. ಮೊಟ್ಟೇನೇ ಇಲ್ಲ" ಅಂದಳು.

"ಸಮುದ್ರ ಅಂದ್ರೆ ಹಾಗೇ ಕಣಮ್ಮ. ಒಂದ್ಸಲ ಕೊಡುತ್ತೆ, ಒಂದ್ಸಲ ಕೊಡಲ್ಲ."

"ನೀವು ಮಾಡುವಾಗ ಒಂದ್ಸಲಾನೂ ಹೀಗಾಗಿಲ್ಲವಲ್ಲ."

"ನಾನು ಮಾಡುವಾಗ ಆಗಿಲ್ಲ" ಎಂದು ಮಾಧವಿ ಒಪ್ಪಿಕೊಂಡರು.

ಗ್ರಾಫಿನ ಗೆರೆ ಸಿಂಕಿನ ಮೇಲೆ ಧೊಪ್ಪೆಂದು ಬಿತ್ತು. ಎರಡನೇ ಸಲದ ನೀರಿನಲ್ಲೂ ಹಾಗೇ ಆದಾಗ ನಾರಾಯಣಪ್ಪನವರು ಓಡಿ ಬಂದರು. ಕಾರವಾರಕ್ಕೆ ಫೋನು ಮಾಡಿ ಕೇಳಿದ್ದರು: ಅಲ್ಲಿ ಮೀನೂ ಸರಿ, ನೀರೂ ಸರಿ. ಗೋಡೆಯ ಮುಂದೆ ನಿಂತು ತಲೆ ಕೆರೆದುಕೊಂಡರು. "ಸಮುದ್ರ ಸರಿಯಾಗಿದ್ರೆ ತಪ್ಪು ಇಲ್ಲೇ ಇರ್ಬೇಕಲ್ಲಮ್ಮ. ಇಷ್ಟು ವರ್ಷದ ಕೆಲಸ. ಒಂದು ಹಲ್ಲು ಮುರಿದ್ರೆ ಇಡೀ ಬಾಯಿ ಹಾಳು." ಆಮೇಲೆ ಮಾಧವಿಯ ಕಡೆ ತಿರುಗಿ ಸ್ವರ ತಗ್ಗಿಸಿದರು. "ನೀವೇ ಇನ್ನೊಂದೆರಡು ವರ್ಷ..."

ಮಾಧವಿ ನೆಲ ನೋಡಿದರು. ಬೇಡ ಅನ್ನುವಷ್ಟು ನಿಧಾನವಾಗಿ, ಬೇಕು ಅನ್ನುವಷ್ಟು ದೀರ್ಘವಾಗಿ.

"ಸರ್, ನನಗೆ ಎರಡು ದಿನ ಕೊಡಿ" ಅಂದಳು ಯಶೋಧರಾ. "ತಪ್ಪು ಎಲ್ಲಿದೆ ಅಂತ ನಾನೇ ತೋರಿಸ್ತೀನಿ."

ಆ ಎರಡು ದಿನ ಅವಳು ಎಲ್ಲವನ್ನೂ ತಡಕಿದಳು. ಉಪ್ಪು ನೋಡಿದಳು, ಕೋಣೆಯ ತಂಪು ನೋಡಿದಳು, ಮೂರ್ತಿಯನ್ನು ಕೂರಿಸಿಕೊಂಡು ಯಾವ ರಸ್ತೆಯಲ್ಲಿ ಬಂದೆ, ಬಿಸಿಲಿಗೆ ನಿಲ್ಲಿಸಿದೆಯಾ ಎಂದು ಕೇಳಿದಳು. "ಮೆಟ್ರೊ ಕೆಲ್ಸ ಅಂತ ಸುತ್ಕೊಂಡು ಬಂದೆ ಅಕ್ಕಾ, ಆದ್ರೆ ಹೊಂಡಕ್ಕೆ ಇಳಿಸಿಲ್ಲ, ನಮ್ಮಮ್ಮನಾಣೆ" ಅಂದ ಅವನು. ಮಾಧವಿ ತಮ್ಮ ಮೇಜಿನಲ್ಲಿ ಕೂತು ಕಾಯುತ್ತಿದ್ದರು. ಹುಡುಗಿ ಕಪ್ಪಿನ ಹತ್ತಿರ ಬಂದಾಗೆಲ್ಲ ಅವರು ಓದುತ್ತಿದ್ದ ಹಾಳೆ ಬಿಟ್ಟು ಅವಳ ಕೈಯನ್ನೇ ನೋಡುತ್ತಿದ್ದರು. ಆದರೆ ಅವಳು ಬಟ್ಟೆಯ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಮೇಡಂ ಅಂಟಿಸಿದ ಬಟ್ಟೆಯನ್ನು ಅನುಮಾನಿಸುವ ಧೈರ್ಯ ಅವಳಿಗಿಲ್ಲ ಎಂದು ಮಾಧವಿಗೆ ಖಾತ್ರಿಯಾಯಿತು. ಹೀಗೆ ಖಾತ್ರಿಯಾದದ್ದು ಅವರಿಗೆ ಹಿತವಾಗಿಯೂ ಇತ್ತು. ಬೆಳೆಸಿದ್ದು ವ್ಯರ್ಥವಾಗಲಿಲ್ಲ.

ಮೂರನೇ ಬೆಳಿಗ್ಗೆ ನಾರಾಯಣಪ್ಪನವರು ಕಾಫಿ ಕುಡಿಯುತ್ತಿರುವಾಗ ಯಶೋಧರಾ ಎಲ್ಲರನ್ನೂ ಅಡುಗೆಮನೆಗೆ ಕರೆದಳು. ಸಿದ್ದಮ್ಮ ಸಿಂಕಿನ ಹತ್ತಿರ ನಿಂತಿದ್ದಳು.

"ಅಮ್ಮ, ಕಪ್ಪು ಏನ್ ಹಾಕಿ ತೊಳ್ದೆ?"

ಸಿದ್ದಮ್ಮ ನಕ್ಕಳು. "ಇದೇನವ್ವ ಹೊಸ ಪರೀಕ್ಷೆ? ಬಿಸ್ನೀರು, ಉಪ್ನೀರು."

"ಸೋಪು?"

"ಸೋಪು ಯಾಕ್ ಹಾಕ್ಲಿ? ನೀನು ಹುಟ್ಟೋಕ್ ಮುಂಚಿಂದ ತೊಳೀತಿವ್ನಿ."

"ಬೆಳಿಗ್ಗೆ ಮನೇಲಿ ಪಾತ್ರೆ ತೊಳ್ದು ಬರ್ತೀಯಲ್ಲ. ಕೈ ಸರಿಯಾಗಿ ತೊಳ್ಕೊಂಡು ಬಂದಿದ್ಯಾ?"

"ತೊಳ್ಕಂಡೇ ಬತ್ತೀನಿ ಕಣೆ."

"ಎರಡು ಸಲವೂ? ನೆನಪಿದೆಯಾ? ಆ ದಿನ ಬೆಳಿಗ್ಗೆ ಏನ್ ಮಾಡ್ದೆ ಅಂತ ಒಂದೊಂದಾಗಿ ಹೇಳು ನೋಡೋಣ."

ಸಿದ್ದಮ್ಮ ಹೇಳಲು ಹೋದಳು. ಒಲೆ ಹಚ್ಚಿದೆ ಅಂದಳು, ಮುದ್ದೆಗೆ ಎಸರಿಟ್ಟೆ ಅಂದಳು, ಇಲ್ಲ ಅವತ್ತು ಚಿತ್ರಾನ್ನ ಅಂದಳು, ನಿಂತಳು. ಯಾವ ತಾಯಿಗೆ ನೆನಪಿರುತ್ತದೆ ಅದು? ಅವಳು ನಾರಾಯಣಪ್ಪನವರನ್ನು ನೋಡಿದಳು, ಅವರು ಕಾಫಿಯನ್ನು ನೋಡಿದರು. ಆಮೇಲೆ ಮಾಧವಿಯನ್ನು ನೋಡಿದಳು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದವರು, ಅಮ್ಮಾವ್ರು ಹೇಳುತ್ತಾರೆ ಎಂಬ ಹಾಗೆ.

ಸುರುಳಿ ಅದಲುಬದಲಾಯಿತೇನೋ ಎಂಬ ಆ ಮಾತು ಮಾಧವಿಯ ಬಾಯಿಗೆ ಬಂದೇ ಬಂತು. ಹೇಳಿದ್ದರೆ ಏನೂ ಆಗುತ್ತಿರಲಿಲ್ಲ. ಮುದಿಕಣ್ಣಿನ ತಪ್ಪು ಎಂದು ಎಲ್ಲರೂ ನಕ್ಕು ಮುಗಿಸುತ್ತಿದ್ದರು. ಆದರೆ ಆಗ, ಕಣ್ಣು ಕಾಣದವರಿಗೆ ಇಲ್ಲೇನು ಕೆಲಸ ಎಂದು, ಅವರು ಮನೆಗೆ ಹೋಗಬೇಕಾಗುತ್ತಿತ್ತು.

"ಮರೆತಿರಬಹುದು ಪಾಪ" ಅಂದರು ಮಾಧವಿ. "ವಯಸ್ಸಾಯ್ತಲ್ಲ."

ಸಿದ್ದಮ್ಮನ ಮುಖ ಒಂದು ಗಳಿಗೆ ಖಾಲಿಯಾಯಿತು. ಆಮೇಲೆ ಅವಳು ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು, ಮೂಸಿದಳು. "ಇರಬಹ್ದೇನೋ ಅಮ್ಮಾವ್ರೇ. ನೀವು ಹೇಳಿದ್ಮೇಲೆ. ಈಚೀಚೆಗೆ ಗ್ಯಾನ ಇರಲ್ಲ."

"ಇರಬಹುದು ಅಲ್ಲ ಅಮ್ಮ" ಅಂದಳು ಯಶೋಧರಾ. ದನಿ ಏರಲಿಲ್ಲ. "ನಿನ್ನಿಂದ ಎರಡು ಸಲದ ಕೆಲಸ ಹಾಳಾಗಿದೆ. ನಾಳೆಯಿಂದ ಬರಬೇಡ. ಏಪ್ರನ್ ಬಿಚ್ಚಿಟ್ಟು ಹೋಗು."

"ಯಶೂ..."

"ಇಲ್ಲಿ ಯಶೂ ಅನ್ಬೇಡ."

ಸಿದ್ದಮ್ಮ ಏಪ್ರನ್ನಿನ ಗಂಟನ್ನು ತಡಕಿದಳು, ಸಿಗಲಿಲ್ಲ. ಮಗಳು ಬಿಚ್ಚಿಕೊಡಲಿಲ್ಲ. ಕೊನೆಗೆ ತಲೆಯ ಮೇಲಿನಿಂದ ಎಳೆದು ತೆಗೆದಳು, ಕೂದಲು ಕೆದರಿತು. ಹಾಗೇ ಹೊರಟಳು. ಊಟದ ಡಬ್ಬಿ ಕಿಟಕಿಯಲ್ಲೇ ಉಳಿಯಿತು.

ನಾರಾಯಣಪ್ಪನವರು ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಾ, "ಹೆತ್ತ ತಾಯಿ ಅಂತಾನೂ ನೋಡ್ಲಿಲ್ಲ ಕಣ್ರೀ" ಅಂದರು. ಅವರ ದನಿಯಲ್ಲಿ ಇದ್ದದ್ದು ಮರುಕವಲ್ಲ. ಮಾಧವಿ ಅದನ್ನು ಗುರುತಿಸಿದರು. ಅದು ಮೆಚ್ಚುಗೆ.

ಮೂರನೇ ಸಲದ ಕಪ್ಪುಗಳನ್ನು ಯಶೋಧರಾ ತಾನೇ ತೊಳೆದಳು. ಮಾಧವಿಗೆ ಈಗ ಬೇರೆ ದಾರಿ ಇರಲಿಲ್ಲ. ತೊಳೆದವಳೂ ಎಣಿಸುವವಳೂ ಅವಳೇ ಆದ ಮೇಲೂ ಮೊಟ್ಟೆ ಬೀಳದಿದ್ದರೆ, ಕಣ್ಣು ಮುಂದೆ ಹೋಗುವುದು ಬಟ್ಟೆಯ ಕಡೆಗೇ. ಅವರು ಸರಿಯಾದ ಸುರುಳಿ ತೆಗೆದು ಅಂಟಿಸಿದರು. 

ಗೆರೆ ಮೇಲಕ್ಕೆದ್ದು ತನ್ನ ಹಳೇ ಜಾಗಕ್ಕೆ ಬಂದು ನಿಂತಿತು. ಇನ್ನೇನು ಬೇಕು ಸಾಕ್ಷಿ? ನಾರಾಯಣಪ್ಪನವರು ಮತ್ತೆ ಕೇಸರಿಬಾತು ತಂದರು. ಯಶೋಧರಾ ಕೆಳಗೆ ಬಿದ್ದಿದ್ದ ಎರಡು ಚುಕ್ಕೆಗಳ ಸುತ್ತ ಕೆಂಪು ಶಾಯಿಯಲ್ಲಿ ಗುಂಡಗೆ ಗೆರೆ ಎಳೆದು, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಕಾರಣ ಬರೆದಳು. ಗೋಡೆ ಇರುವವರೆಗೂ ಇರುತ್ತದೆ ಅದು.

ಡಬ್ಬಿಗೆಂದು ಸಿದ್ದಮ್ಮ ಬಂದದ್ದು ಆಮೇಲೊಂದು ದಿನ, ಮಗಳು ಬ್ಯಾಂಕಿಗೆ ಹೋದ ಹೊತ್ತು ನೋಡಿಕೊಂಡು. ಬಾಗಿಲಲ್ಲೇ ನಿಂತಳು. ಮಾಧವಿ ಒಳಗೆ ಕರೆದರು. ಸಿದ್ದಮ್ಮನ ಕೈ ಒರಟಾಗಿ ಬೆಳ್ಳಗಾಗಿತ್ತು. ಎಷ್ಟು ಸಲ ತೊಳೆಯುತ್ತಿದ್ದಳೋ. ಡಬ್ಬಿ ಸಿಕ್ಕಿದ ಮೇಲೂ ಹೋಗದೆ ಗೋಡೆ ನೋಡುತ್ತಾ ನಿಂತಳು.

"ಅದೇನು ಅಮ್ಮಾವ್ರೇ, ಕೆಂಪಗೆ? ಯಶೂ ಬರ್ದಿದ್ದಾ?"

"ಹೂಂ."

"ಏನಂತ?"

ಮಾಧವಿ ಓದಿದರು. ಏನೋ ಒಂದು ಹೇಳಿ ತಪ್ಪಿಸಬಹುದಿತ್ತು, ಆದರೆ ಅವರ ಮನಸ್ಸು ಅಷ್ಟು ಹೊತ್ತಿಗೆ ಮೊಂಡಾಗಿತ್ತು. "ತೊಳೆಯುವವಳ ಅಜಾಗ್ರತೆ, ಸೋಪು. ಲೆಕ್ಕಕ್ಕೆ ಇಲ್ಲ, ಅಂತ."

ಸಿದ್ದಮ್ಮ ತಲೆಯಾಡಿಸಿದಳು. ಹತ್ತಿರ ಹೋಗಿ, ಮುಟ್ಟದೆ, ಆ ಅಕ್ಷರಗಳನ್ನು ನೋಡಿದಳು.

"ಎಷ್ಟು ದುಂಡಗೆ ಬರೀತಾಳೆ ಅಲ್ವಾ ಅಮ್ಮಾವ್ರೇ? ಎಲ್ಲ ನಿಮ್ಮ ಪುಣ್ಯ." ಬಗ್ಗಿ ಮಾಧವಿಯ ಕಾಲು ಮುಟ್ಟಿದಳು. "ನನ್ನಿಂದ ನಿಮ್ಮ ಗೋಡೆ ಕೆಡ್ತು. ಮನಸ್ಸಲ್ಲಿ ಇಟ್ಕೋಬ್ಯಾಡಿ."

ಅವಳು ಗೇಟು ದಾಟುವವರೆಗೆ ಮಾಧವಿ ಅಲ್ಲೇ ನಿಂತಿದ್ದರು.

ಮಾರನೆಯ ದಿನ ಕಾರವಾರದ ನೀರು ಬರುವ ದಿನ. ಹೊಣೆ ಕೈಬದಲಾದ ಮೊದಲ ದಿನವೂ ಅದೇ. ಯಶೋಧರಾ ಮೈಕ್ರೋಸ್ಕೋಪಿನಿಂದ ತಲೆ ಎತ್ತಿ, "ಮೇಡಂ, ಇಲ್ಲೊಂದು ಸಲ ನೋಡ್ತೀರಾ?" ಅಂದಳು.

ಮಾಧವಿ ಕಣ್ಣಿಟ್ಟರು. ಕೆಳಗೆ ಬಟ್ಟೆ ಇತ್ತು. ಸಣ್ಣ ಕಣ್ಣಿನದು. ಎಳೆಗಳ ನಡುವೆ ಮೊಟ್ಟೆಯ ಒಡೆದ ಚೂರುಗಳು ಸಿಕ್ಕಿಕೊಂಡು ಒಣಗಿದ್ದವು.

"ಎರಡನೇ ಸಲದ ಕಪ್ಪು. ಎತ್ತಿಟ್ಕೊಂಡಿದ್ದೆ."

ಮಾಧವಿ ಕಣ್ಣು ತೆಗೆಯಲಿಲ್ಲ. ತೆಗೆದರೆ ಅವಳ ಮುಖ ನೋಡಬೇಕಾಗುತ್ತಿತ್ತು. "ಯಾವಾಗ ಗೊತ್ತಾಯ್ತು?"

"ಅಮ್ಮನ್ನ ಕೇಳೋದಕ್ಕೆ ಹಿಂದಿನ ದಿನ."

"ಗೊತ್ತಿದ್ದೂ ಅವಳನ್ನ..."

"ಇನ್ಯಾರನ್ನ ಮೇಡಂ?" ಯಶೋಧರಾ ಸ್ಟೂಲು ಎಳೆದುಕೊಂಡು ಎದುರಿಗೆ ಕೂತಳು. ಪಾಠ ಹೇಳಿಸಿಕೊಳ್ಳುವಾಗ ಕೂರುತ್ತಿದ್ದ ಹಾಗೆಯೇ. "ನಾರಾಯಣಪ್ಪನೋರ ಹತ್ರ ಹೋಗಿ, ಮೇಡಂ ಬೇಕಂತಲೇ ಬಟ್ಟೆ ಬದಲಾಯಿಸಿದ್ರು ಅಂದಿದ್ರೆ? ಓದ್ಸಿದೋರ ಮೇಲೇ ಹೇಳ್ತಾಳಲ್ಲ, ಎಷ್ಟಾದ್ರೂ... ಅಂತ ಅರ್ಧಕ್ಕೆ ನಿಲ್ಲಿಸೋರು. ಮಿಕ್ಕ ಅರ್ಧ ನನಗೆ ಸ್ಕೂಲಿಂದಾನೂ ಬಾಯಿಪಾಠ. ಸಿದ್ದಮ್ಮ, ಸೋಪು ಅಂದೆ. ಯಾರಾದ್ರೂ ಎರಡನೇ ಪ್ರಶ್ನೆ ಕೇಳಿದ್ರಾ? ನೀವಾದ್ರೂ ಒಂದು ಮಾತು ಹೇಳ್ತೀರೇನೋ ಅಂತ ಕಾದೆ. ನೀವು ವಯಸ್ಸಾಯ್ತಲ್ಲ ಅಂದ್ರಿ."

ಹೊರಗೆ ಯಾರೋ ತರಕಾರಿಯವನು ಸೊಪ್ಪು ಕೂಗಿಕೊಂಡು ಹೋದ.

"ಸಿದ್ದಮ್ಮನಿಗೆ ಹೇಳಿದೀಯಾ?"

"ಹೇಳಿದ್ರೆ ನಂಬಲ್ಲ. ನನಗೇ ಎರಡೇಟು ಹಾಕ್ತಾಳೆ. ತಾನೇ ತಪ್ಪು ಮಾಡ್ದೆ ಅಂತ ದಿನಾ ಕೈ ತೊಳೀತಾಳೆ. ತೊಳೀಲಿ." ಅಷ್ಟು ಹೇಳಿದ ಮೇಲೆ ಅವಳ ಕೆಳದುಟಿ ಒಂದು ಸಲ ಅದುರಿತು, ನಿಂತಿತು. ಆಮೇಲೆ ಅದುರಲಿಲ್ಲ.

"ನಾನು ಇವತ್ತೇ ಹೊರಟು ಹೋಗ್ತೀನಿ" ಅಂದರು ಮಾಧವಿ.

"ಎಲ್ಲಿಗೆ ಹೋಗ್ತೀರಾ ಮೇಡಂ? ಮನೇಲಿ ಯಾರಿದಾರೆ? ಹೋದ್ರೆ ಯಾಕೆ ಅಂತ ಕೇಳ್ತಾರೆ, ನಾನು ಈ ಕಪ್ಪು ತೋರಿಸ್ಬೇಕಾಗುತ್ತೆ. ಬೇಡ. ಇಲ್ಲೇ ಇರಿ." ಕಪ್ಪನ್ನು ಹತ್ತಿಯಲ್ಲಿ ಸುತ್ತಿ ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದಳು. "ಬಟ್ಟೆ ಇನ್ಮೇಲೆ ನಾನು ಅಂಟಿಸ್ಕೋತೀನಿ. ತೊಳೆಯೋಕೆ ಯಾರೂ ಸಿಕ್ಕಿಲ್ಲ. ಹೊಸಬರನ್ನ ನಂಬೋಕಾಗಲ್ಲ, ನಿಮಗೆ ಈ ಕೆಲಸದ ಬೆಲೆ ಗೊತ್ತು."

ಏಪ್ರನ್ನು ಮೊಳೆಯಲ್ಲಿ ತೂಗುತ್ತಿತ್ತು. ಗಂಟು ಇನ್ನೂ ಬಿಚ್ಚಿರಲಿಲ್ಲ. ಮಾಧವಿ ಅದನ್ನು ತಲೆಯ ಮೇಲಿನಿಂದಲೇ ಹಾಕಿಕೊಂಡು ಸಿಂಕಿನ ಮುಂದೆ ನಿಂತರು. ಸಿದ್ದಮ್ಮ ಅವರಿಗಿಂತ ಕುಳ್ಳಿ. ಗೋಡೆಯ ಗೆರೆಯನ್ನು ಅವಳು ತಲೆಯೆತ್ತಿ ನೋಡುತ್ತಿದ್ದಳು. ಕೆಂಪು ಗುಂಡು ಮಾಧವಿಯ ಕಣ್ಣಿಗೆ ಸರಿಯಾಗಿ ನೇರದಲ್ಲೇ ಇತ್ತು. ನಲ್ಲಿ ತಿರುಗಿಸಿದರು. ನೀರು ಕೈ ಸುಡುವಷ್ಟು ಬಿಸಿಯಾಗಿತ್ತು. ತಣ್ಣೀರು ಬೆರೆಸುವ ಹಾಗಿರಲಿಲ್ಲ. ಆ ನಿಯಮ ಮಾಡಿದವರು ಅವರೇ.

ಗೇಟಿನ ಹತ್ತಿರ ಆಟೋ ನಿಂತ ಸದ್ದಾಯಿತು. ಮೂರ್ತಿ ಕ್ಯಾನು ಎತ್ತಿಕೊಂಡು ಹಿತ್ತಲ ಬಾಗಿಲಿನಿಂದ ಒಳಗೆ ಬಂದವನು, ಬಗ್ಗಿ ನಿಂತಿದ್ದ ಬೆನ್ನನ್ನು ನೋಡಿ, "ಏನ್ ಸಿದ್ದಮ್ಮಾ, ಮತ್ತೆ ಬಂದ್ಬಿಟ್ಯಾ?" ಅಂದ.

ಮಾಧವಿ ತಿರುಗಲಿಲ್ಲ. "ಅಲ್ಲೇ ಇಡು" ಅಂದರು.

"ಮೇಡಂ, ಸೋಪು ಮುಟ್ಬೇಡಿ" ಎಂದು ಒಳಗಿನಿಂದ ಯಶೋಧರಾ ನೆನಪಿಸಿದಳು.